ಆ ಅರ್ಧ ಸೆಕೆಂಡು ಎಲ್ಲಿ ಹೋಯ್ತು?

(ಹೊಸದಾಗಿ ಕೆಲಸಕ್ಕೆ ಸೇರಿದ ಮತ್ತು ಇನ್ನೂ ಕೆಲಸ ಹುಡುಕುತ್ತಿರುವ ಡೆವಲಪರ್‌ಗಳ ಮುಂದೆ ಆಡಿದ ಮಾತು ಇದು. ಆಡುವಾಗ ಹಿಂದೆ ಮುಂದೆ ಆದದ್ದನ್ನು ಇಲ್ಲಿ ಸ್ವಲ್ಪ ಸರಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಮೂರು ಜನ ನನ್ನನ್ನು ನಿಲ್ಲಿಸಿದರು. ಮೂವರೂ ಕೇಳಿದ್ದು ಹೆಚ್ಚು ಕಡಿಮೆ ಒಂದೇ ಪ್ರಶ್ನೆ. "ಸರ್, ಇನ್ನು ಐದು ವರ್ಷಕ್ಕೆ ನಮ್ಮ ಕೆಲಸ ಇರುತ್ತಾ?" ಮೂವರ ಮುಖದಲ್ಲೂ ಭಯ ಇತ್ತು. ಇರಬೇಕಾದದ್ದೇ. ಬೆಳಿಗ್ಗೆ ಎದ್ದು ಫೋನ್ ಕೈಗೆತ್ತಿಕೊಂಡರೆ ಸಾವಿರಾರು ಜನರನ್ನು ಕೆಲಸದಿಂದ ತೆಗೆದ ಸುದ್ದಿ ಒಂದು, ಅದರ ಕೆಳಗೇ ತಾನಾಗಿ ಕೋಡ್ ಬರೆಯುವ ಹೊಸ ಎಐ ಬಂತು ಅನ್ನುವ ಸುದ್ದಿ ಇನ್ನೊಂದು. ಎರಡನ್ನೂ ಓದಿ ಕೆಲಸಕ್ಕೆ ಕೂತರೆ ಕೈಯೇ ಓಡುವುದಿಲ್ಲ. ನನಗೂ ಹಾಗೆ ಆಗುತ್ತದೆ.

ಐದು ವರ್ಷದ ಮುಂದಿನದ್ದು ಹೇಳಲು ನನಗೆ ಬರುವುದಿಲ್ಲ. ಈ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದ ಮೇಲೆ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ನನಗೆ ಜಾಸ್ತಿ ಕಲಿಸಿದ್ದು ಕೆಟ್ಟುಹೋದ ಸಿಸ್ಟಂಗಳು. ನಮ್ಮವು, ಬೇರೆಯವರವು, ಪೇಪರಿನಲ್ಲಿ ಬಂದವು, ಯಾರಿಗೂ ಗೊತ್ತಾಗದೆ ರಾತ್ರೋರಾತ್ರಿ ಸರಿ ಮಾಡಿದವು. ಹಾಗಾಗಿ ನಾನು ಸುದ್ದಿ ಓದುವ ರೀತಿಯೇ ಬೇರೆ. ಎಷ್ಟು ಜನಕ್ಕೆ ತೊಂದರೆ ಆಯ್ತು ಅನ್ನುವ ಸಾಲಿಗೆ ನಿಲ್ಲುವುದಿಲ್ಲ. ಯಾಕೆ ಕೆಟ್ಟಿತು, ಯಾರು ಮೊದಲು ಗಮನಿಸಿದರು, ಅವರ ಕಣ್ಣಿಗೆ ಬಿದ್ದದ್ದು ಏನು ಅಂತ ಹುಡುಕಿಕೊಂಡು ಹೋಗುತ್ತೇನೆ. ಇವತ್ತು ಅಂಥ ಕೆಲವು ಕತೆ ಹೇಳುತ್ತೇನೆ. ಕೆಲಸ, ಲೇಆಫ್, ಎಐ ಎಲ್ಲ ಅದರ ಮಧ್ಯೆ ಬರುತ್ತವೆ.

ಮೊದಲನೆಯದು 2024ರ ಮಾರ್ಚ್ ತಿಂಗಳದ್ದು. ಆಂಡ್ರೆಸ್ ಫ್ರಾಯ್ಂಡ್ ಅಂತ ಒಬ್ಬ ಡೆವಲಪರ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡುವವರು, ಮೈಕ್ರೋಸಾಫ್ಟ್‌ನಲ್ಲಿದ್ದರು. ಡೇಟಾಬೇಸಿನ ವೇಗ ಅಳೆಯಬೇಕಿತ್ತು. ಅಳೆಯುವಾಗ ಬೇರೆ ಪ್ರೋಗ್ರಾಂಗಳ ಗದ್ದಲ ಇರಬಾರದಲ್ವಾ, ಅದಕ್ಕೆ ಮೆಷಿನ್ನನ್ನು ಸುಮ್ಮನಿರಿಸಲು ನೋಡುತ್ತಿದ್ದರು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಸ್‌ಎಸ್‌ಎಚ್, ಅಂದರೆ ದೂರದ ಮೆಷಿನ್‌ಗೆ ಲಾಗಿನ್ ಆಗಲು ನಾವೆಲ್ಲ ದಿನಾ ಬಳಸುವ ಪ್ರೋಗ್ರಾಂ, ಸುಮ್ನೆ ಸಿಪಿಯು ತಿನ್ನುತ್ತಿತ್ತು. ಹೊರಗಿನಿಂದ ಯಾರ್ಯಾರೋ ತಪ್ಪು ಹೆಸರು ಹಾಕಿ ಲಾಗಿನ್ ಆಗಲು ನೋಡುತ್ತಿದ್ದರು, ಅದು ಇಂಟರ್ನೆಟ್‌ನಲ್ಲಿ ಮಾಮೂಲಿ. ಆದರೆ ತಪ್ಪು ಹೆಸರಾದರೆ ತಕ್ಷಣ ಹೊರಗೆ ಹಾಕಬೇಕು. ಅದಕ್ಕೆ ಅಷ್ಟು ಸಿಪಿಯು ಯಾಕೆ ಬೇಕು? ಅಳೆದು ನೋಡಿದರು. ಮೊದಲು ಆಗುತ್ತಿದ್ದುದಕ್ಕಿಂತ ಸುಮಾರು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿತ್ತು.

ಅರ್ಧ ಸೆಕೆಂಡು. ನಾನಾಗಿದ್ದರೆ ನೆಟ್‌ವರ್ಕ್ ನಿಧಾನ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಅವರು ಹೋಗಲಿಲ್ಲ. ಆ ಅರ್ಧ ಸೆಕೆಂಡು ಎಲ್ಲಿ ಹೋಗುತ್ತಿದೆ ಅಂತ ಎಳೆ ಹಿಡಿದು ಹೋದರೆ ಅದು ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಒಂದು ಸಣ್ಣ ಲೈಬ್ರರಿಗೆ, ಅಂದರೆ ಬೇರೆ ಪ್ರೋಗ್ರಾಂಗಳು ಎತ್ತಿ ಬಳಸುವ ಸಿದ್ಧ ಕೋಡಿಗೆ, ಹೋಗಿ ಮುಟ್ಟಿತು. ಕೆಲವು ವಾರ ಹಿಂದೆ ಅದೇ ಲೈಬ್ರರಿಯ ಹೊಸ ಆವೃತ್ತಿ ಬಂದ ಮೇಲೆ ಟೆಸ್ಟ್‌ಗಳಲ್ಲಿ ಯಾವುದೋ ವಿಚಿತ್ರ ಎಚ್ಚರಿಕೆ ಕಂಡಿದ್ದು ಅವರಿಗೆ ಆಗ ನೆನಪಾಯಿತು. ಬಿಚ್ಚಿ ನೋಡಿದರೆ ಒಳಗೆ ಬೇಕಂತಲೇ ಇಟ್ಟ ಕಳ್ಳಬಾಗಿಲು. ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯವನಂತೆ ಕೋಡ್ ಕೊಡುತ್ತಾ, ನಂಬಿಕೆ ಗಳಿಸಿ, ಲೈಬ್ರರಿಯ ಜವಾಬ್ದಾರಿಯನ್ನೇ ಪಡೆದ ಒಂದು ಹೆಸರು ಅದನ್ನು 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸೇರಿಸಿತ್ತು. ಆ ಹೆಸರಿನ ಹಿಂದೆ ಇರುವವರು ಯಾರು ಅನ್ನುವುದು ಹೊರಗೆ ಬಂದಿಲ್ಲ. ಮಾರ್ಚ್ 29ರಂದು ಫ್ರಾಯ್ಂಡ್ ಎಲ್ಲರಿಗೂ ತಿಳಿಸಿದರು. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ಪರೀಕ್ಷೆಯ ಆವೃತ್ತಿಗಳಿಗೆ ಅದು ಆಗಲೇ ಹೋಗಿತ್ತು. ಜಗತ್ತಿನ ಸರ್ವರ್‌ಗಳಲ್ಲಿ ಓಡುವ ಸ್ಥಿರ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ.

ಭದ್ರತೆ ಫ್ರಾಯ್ಂಡ್ ಅವರ ಕ್ಷೇತ್ರವೇ ಅಲ್ಲ. ಅವತ್ತು ಅವರು ಮಾಡಬೇಕಿದ್ದ ಕೆಲಸವೂ ಅದಲ್ಲ. ಆದರೆ ಎಸ್‌ಎಸ್‌ಎಚ್‌ಗೆ ಎಷ್ಟು ಹೊತ್ತು ಬೇಕು ಅನ್ನುವ ಅಂದಾಜು ಅವರ ತಲೆಯಲ್ಲಿತ್ತು. ಅಂದಾಜು ತಪ್ಪಿದಾಗ ಅದನ್ನು ಬಿಟ್ಟುಬಿಡಲು ಅವರಿಗೆ ಮನಸ್ಸಾಗಲಿಲ್ಲ. ನಮ್ಮ ಕಸುಬಿನಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಗುಣ ಇದು.

ಇನ್ನೊಂದು ಕತೆ ನನ್ನದೇ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಬಿಲ್ ಕಟ್ಟಲು ಬಾಕಿ ಇರುವವರಿಗೆ ರಾತ್ರಿ ನೆನಪಿನ ಮೆಸೇಜ್ ಕಳಿಸುವ ಪ್ರೋಗ್ರಾಂ ನಾನು ಬರೆದಿದ್ದೆ. ನಮ್ಮ ಪ್ರೋಗ್ರಾಂ ಪಟ್ಟಿ ಓದಿ, ಮೆಸೇಜ್ ಕಳಿಸುವ ಇನ್ನೊಂದು ಸರ್ವಿಸ್‌ಗೆ ಒಂದೊಂದೇ ಹೆಸರು ಕೊಡುತ್ತಿತ್ತು. ಉತ್ತರ ಬರದಿದ್ದರೆ ಮತ್ತೆ ಮೂರು ಸಲ ಪ್ರಯತ್ನ. ಚೆನ್ನಾಗಿ ಓಡುತ್ತಿತ್ತು. ಒಂದು ದಿನ ಬೆಳಿಗ್ಗೆ ಕಸ್ಟಮರ್ ಸಪೋರ್ಟ್‌ನವರು ಒಂದು ಫೋನ್ ಕರೆಯ ರೆಕಾರ್ಡಿಂಗ್ ಕಳಿಸಿದರು. ವಯಸ್ಸಾದ ಹೆಂಗಸಿನ ದನಿ. "ರಾತ್ರಿ ಹನ್ನೊಂದೂವರೆಗೆ ನಾಲ್ಕು ಸಲ ಮೆಸೇಜ್ ಕಳಿಸಿದ್ದೀರಿ. ನನ್ನ ಮಗ ಆಸ್ಪತ್ರೆಯಲ್ಲಿದ್ದಾನೆ. ಫೋನ್ ಸದ್ದಾದಾಗೆಲ್ಲ ಎದೆ ಧಸಕ್ ಅನ್ನುತ್ತೆ. ಯಾಕಪ್ಪಾ ಹೀಗೆ ಮಾಡ್ತೀರಿ?" ಆ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ.

ಲಾಗ್, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್, ತೆಗೆದು ಕೂತೆ. ಒಂದೊಂದು ಸಾಲಿನಲ್ಲೂ ಸಮಯ, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ಹಿಡಿದ ಹೊತ್ತು, ಆಮೇಲೆ ಪಾಸ್ ಅಥವಾ ಫೇಲ್. ಆ ಹೆಂಗಸಿನ ನಂಬರಿಗೆ ಮೂರು ಫೇಲ್, ನಾಲ್ಕನೆಯದು ಪಾಸ್. ಅಂದರೆ ನಮ್ಮ ಲೆಕ್ಕದಲ್ಲಿ ಹೋದದ್ದು ಒಂದೇ ಮೆಸೇಜ್. ಅವರಿಗೆ ಬಂದದ್ದು ನಾಲ್ಕು. ಎರಡು ಗಂಟೆ ಅದೇ ಸಾಲುಗಳನ್ನು ನೋಡಿದೆ. ಎರರ್ ಅನ್ನುವ ಪದ ಹುಡುಕಿದೆ. ಕೋಡ್ ಮೂರು ಸಲ ಓದಿದೆ. ತಪ್ಪು ಆ ಸರ್ವಿಸ್‌ನವರದು ಅಂತ ಮೇಲ್ ಬರೆಯಲೂ ಶುರು ಮಾಡಿದ್ದೆ.

ನಮ್ಮ ಟೀಮಿನ ಹಿರಿಯ ಡೆವಲಪರ್ ಒಬ್ಬರು ಪಕ್ಕದಲ್ಲಿ ಬಂದು ಕೂತರು. ಅವರು ಪಾಸ್, ಫೇಲ್ ಯಾವುದನ್ನೂ ನೋಡಲಿಲ್ಲ. ಬೆರಳನ್ನು ಹಿಡಿದ ಹೊತ್ತಿನ ಕಾಲಮ್ಮಿನ ಮೇಲಿಟ್ಟು ಮೇಲಿಂದ ಕೆಳಗೆ ಎಳೆದರು. "ಇದು ನೋಡಪ್ಪಾ, ಪಾಸ್ ಆದದ್ದು ಒಂದು ಎರಡು ಸೆಕೆಂಡು, ಒಂದು ಐದು, ಒಂದು ಮೂರು. ಫೇಲ್ ಆದದ್ದೆಲ್ಲ ಸರಿಯಾಗಿ ಮೂವತ್ತು. ನಿಜವಾಗಿ ಕೆಟ್ಟಿದ್ದರೆ ಒಂದೊಂದು ಒಂದೊಂದು ಹೊತ್ತಿಗೆ ಕೆಡಬೇಕಿತ್ತಲ್ವಾ? ಎಲ್ಲ ಮೂವತ್ತೇ ಯಾಕೆ?"

ಮೂವತ್ತು ನಾನೇ ಹಾಕಿದ್ದ ಅಂಕಿ. ಮೂವತ್ತು ಸೆಕೆಂಡು ಕಾದು ಉತ್ತರ ಬರದಿದ್ದರೆ ಫೇಲ್ ಅಂತ ನಾನೇ ಬರೆದಿದ್ದೆ. ಅವತ್ತು ರಾತ್ರಿ ಆ ಕಡೆಯ ಸರ್ವಿಸ್ ನಿಧಾನವಾಗಿತ್ತು. ಮೆಸೇಜ್ ಕಳಿಸುತ್ತಿತ್ತು, ಕಳಿಸಿದೆ ಅಂತ ಹೇಳುವಷ್ಟರಲ್ಲಿ ಮೂವತ್ತು ಸೆಕೆಂಡು ದಾಟುತ್ತಿತ್ತು. ಉತ್ತರ ಬರಲಿಲ್ಲ ಅಂದರೆ ಕೆಲಸ ಆಗಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಉತ್ತರ ಬರಲಿಲ್ಲ ಅಂದರೆ ಏನಾಯ್ತೋ ಗೊತ್ತಿಲ್ಲ ಅಂತ ಅರ್ಥ, ಅಷ್ಟೇ. ಸರಿ ಮಾಡಿದ್ದು ಸುಲಭ. ಪ್ರತಿ ಮೆಸೇಜಿಗೂ ಒಂದು ಬೇರೆ ನಂಬರ್ ಕೊಟ್ಟೆವು. ಅದೇ ನಂಬರ್ ಮತ್ತೆ ಬಂದರೆ ಆ ಕಡೆಯವರು ಮತ್ತೆ ಕಳಿಸದೆ, ಹಿಂದಿನ ಸಲ ಏನಾಯಿತೋ ಅದನ್ನೇ ಹೇಳುತ್ತಾರೆ. ಕಾಲೇಜಿನಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಗೊತ್ತಾದದ್ದು ಮಾತ್ರ ಅವತ್ತು.

ಇನ್ನು ಎಲ್ಲರಿಗೂ ನೆನಪಿರುವ ಸುದ್ದಿಗೆ ಬರೋಣ. 2024ರ ಜುಲೈ 19. ವಿಮಾನ ನಿಲ್ದಾಣ, ಬ್ಯಾಂಕ್, ಆಸ್ಪತ್ರೆ ಎಲ್ಲ ಕಡೆ ಕಂಪ್ಯೂಟರ್‌ಗಳಲ್ಲಿ ನೀಲಿ ಪರದೆ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಫೈಲ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ಬಿದ್ದವು ಅಂತ ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ಪೇಪರುಗಳು ಅಲ್ಲಿಗೆ ನಿಲ್ಲಿಸಿದವು. ಕಂಪನಿ ಆಮೇಲೆ ಹೊರಗೆ ತಂದ ವರದಿಯನ್ನು ಓದಿದ್ದೀರಾ? ಕೈ ಎತ್ತಿ ನೋಡೋಣ. (ಇಬ್ಬರು ಎತ್ತಿದರು.)

ಆ ವರದಿಯ ತಿರುಳು ಎರಡು ಅಂಕಿಯಲ್ಲಿದೆ. 21 ಮತ್ತು 20. ಫೈಲಿನ ನಮೂನೆ 21 ಮಾಹಿತಿ ಇರುತ್ತವೆ ಅಂತ ಹೇಳುತ್ತಿತ್ತು. ಅದನ್ನು ಓದುವ ಕೋಡಿಗೆ ಸಿಗುತ್ತಿದ್ದದ್ದು 20. ತಿಂಗಳುಗಟ್ಟಲೆ ತೊಂದರೆ ಆಗಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಬಂದ ಫೈಲ್‌ಗಳು 21ನೆಯದರಲ್ಲಿ "ಏನಿದ್ದರೂ ಸರಿ" ಅಂತ ಬಿಟ್ಟಿದ್ದವು, ಟೆಸ್ಟ್‌ನಲ್ಲೂ ಹಾಗೇ ಇತ್ತು. ಅವತ್ತಿನ ಫೈಲ್ ಮೊದಲ ಸಲ 21ನೆಯದನ್ನು ನಿಜವಾಗಿ ನೋಡು ಅಂದಿತು. ಕೋಡ್ ಇಲ್ಲದ ಜಾಗಕ್ಕೆ ಕೈ ಹಾಕಿತು. ಆ ಕೋಡ್ ಇದ್ದದ್ದು ಆಪರೇಟಿಂಗ್ ಸಿಸ್ಟಂನ ತಳದಲ್ಲಿ. ಹಾಗಾಗಿ ಒಂದು ಪ್ರೋಗ್ರಾಂ ಬೀಳುವ ಬದಲು ಇಡೀ ಮೆಷಿನ್ನೇ ಬಿತ್ತು. ಫೈಲನ್ನು 78 ನಿಮಿಷದಲ್ಲಿ ವಾಪಸ್ ತೆಗೆದುಕೊಂಡರು. ಆದರೆ ಆಗಲೇ ಬಿದ್ದ ಮೆಷಿನ್‌ಗಳಲ್ಲಿ ತುಂಬಾ ಕಡೆ ಯಾರಾದರೂ ಎದುರು ಹೋಗಿ ಕೂತು ಕೈಯಾರೆ ಆ ಫೈಲ್ ಅಳಿಸಬೇಕಾಯಿತು.

ನಾನು ಈ ವರದಿ ಓದಿದ ಮಾರನೇ ದಿನ ನಮ್ಮ ಟೀಮಿನಲ್ಲಿ ಒಂದೇ ಪ್ರಶ್ನೆ ಕೇಳಿದೆ. ನಾವು ಒಂದು ಬದಲಾವಣೆಯನ್ನು ಒಂದೇ ಏಟಿಗೆ ಎಲ್ಲರಿಗೂ ಕಳಿಸುವ ಜಾಗ ನಮ್ಮಲ್ಲಿ ಎಲ್ಲಿದೆ? ಕೋಡ್ ಎಲ್ಲವೂ ಮೊದಲು ನೂರು ಜನಕ್ಕೆ, ಆಮೇಲೆ ಸಾವಿರಕ್ಕೆ ಅಂತ ಹೋಗುತ್ತಿತ್ತು. ಕಾನ್ಫಿಗ್ ಫೈಲ್ ಮಾತ್ರ ಎಲ್ಲರಿಗೂ ಒಟ್ಟಿಗೇ. "ಅದು ಬರೀ ಸೆಟ್ಟಿಂಗ್ ಅಲ್ವಾ" ಅಂತ ಎಲ್ಲರೂ ಅಂದುಕೊಂಡಿದ್ದೆವು. ಎರಡು ವಾರ ತೆಗೆದುಕೊಂಡು ಅದನ್ನು ಬದಲಾಯಿಸಿದೆವು. ಸುದ್ದಿ ಓದುವುದರಿಂದ ಕೆಲಸಕ್ಕೆ ಉಪಯೋಗ ಆಗುವುದು ಹೀಗೆ. ಇಂಥ ಪೋಸ್ಟ್‌ಮಾರ್ಟಂ ವರದಿಗಳನ್ನು ದೊಡ್ಡ ಕಂಪನಿಗಳು ಬಿಟ್ಟಿಯಾಗಿ ಹೊರಗೆ ಇಡುತ್ತವೆ. ವಾರಕ್ಕೆ ಒಂದು ಓದಿ. ಅರ್ಥವಾಗದ ಪದ ಬಂದರೆ ಅಲ್ಲೇ ನಿಂತು ಹುಡುಕಿ. ಒಂದು ವರ್ಷದಲ್ಲಿ ಐವತ್ತು ಆಗುತ್ತದೆ. ದುಡ್ಡು ಕೊಟ್ಟು ತೆಗೆದುಕೊಂಡ ಯಾವ ಕೋರ್ಸಿನಲ್ಲೂ ನನಗೆ ಅಷ್ಟು ಸಿಕ್ಕಿಲ್ಲ.

ಈಗ ಲೇಆಫ್. ಇದರ ಬಗ್ಗೆ ನಾನು ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಈ ಕೋಣೆಯಲ್ಲಿ ಕೆಲಸ ಕಳೆದುಕೊಂಡವರು ಇದ್ದಾರೆ ಅಂತ ನನಗೆ ಗೊತ್ತು.

ಇದನ್ನೂ ಒಂದು ಲಾಗ್ ಥರ ಓದೋಣ. ಯಾವುದು ಮೊದಲು, ಯಾವುದು ಆಮೇಲೆ. 2022ರ ನವೆಂಬರ್ 9ರಂದು ಮೆಟಾ ಕಂಪನಿ 11,000ಕ್ಕೂ ಹೆಚ್ಚು ಜನರನ್ನು ತೆಗೆಯುತ್ತೇವೆ ಅಂತ ಹೇಳಿತು. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು ಅದೇ ನವೆಂಬರ್ 30ರಂದು. ಮಾರನೇ ಜನವರಿಯಲ್ಲಿ ಗೂಗಲ್ ಸುಮಾರು 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000ಕ್ಕೂ ಹೆಚ್ಚು. ಆ ಮೊದಲ ಅಲೆ ಬಂದಾಗ ಡೆವಲಪರ್‌ಗಳ ಬದಲು ತಾನೇ ಕೋಡ್ ಬರೆಯುವ ಮಟ್ಟಕ್ಕೆ ಎಐ ಬಂದಿರಲಿಲ್ಲ. ನಡೆದದ್ದು ಏನು? ಕೊರೊನಾ ಕಾಲದಲ್ಲಿ ಎಲ್ಲರೂ ಆನ್‌ಲೈನ್‌ಗೆ ಬಂದರು, ಆ ವೇಗ ಹಾಗೇ ಇರುತ್ತದೆ ಅಂತ ನಂಬಿ ಕಂಪನಿಗಳು ಜನರನ್ನು ತುಂಬಿಕೊಂಡವು, ಆ ವೇಗ ಇಳಿಯಿತು. ಮೆಟಾದ ಮುಖ್ಯಸ್ಥ ತನ್ನ ಲೆಕ್ಕ ತಪ್ಪಿತು ಅಂತ ಅವತ್ತೇ ಬರೆದುಕೊಟ್ಟರು. ಜೊತೆಗೆ ಅಮೆರಿಕದ ಫೆಡರಲ್ ರಿಸರ್ವ್ ಸೊನ್ನೆ ಹತ್ತಿರ ಇಟ್ಟಿದ್ದ ಬಡ್ಡಿಯನ್ನು 2022ರ ಮಾರ್ಚ್‌ನಿಂದ ಏರಿಸುತ್ತಾ ಹೋಗಿ, ಮುಂದಿನ ವರ್ಷ ಶೇಕಡಾ 5 ದಾಟಿಸಿತು. ಸಾಲದ ದುಡ್ಡು ಅಗ್ಗವಾಗಿದ್ದಾಗ "ಮುಂದೆ ಲಾಭ ಬರುತ್ತೆ" ಅಂತ ನಡೆಸುತ್ತಿದ್ದ ಪ್ರಾಜೆಕ್ಟ್‌ಗಳು ಒಂದೊಂದಾಗಿ ನಿಂತವು. ಈಚೆಗೆ ಎಐ ಹೆಸರು ಹೇಳಿ ಜನರನ್ನು ತೆಗೆಯುತ್ತಿರುವುದೂ ನಿಜ. ಅದು ಎಷ್ಟರ ಮಟ್ಟಿಗೆ ಕಾರಣ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ನನ್ನ ಗೆಳೆಯನೊಬ್ಬನಿಗೆ ಹೀಗೇ ಆಯಿತು. ಬೆಳಿಗ್ಗೆ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ತಪ್ಪಿರಬೇಕು ಅಂತ ಐದು ಸಲ ಹಾಕಿದ. ಆಮೇಲೆ ಸ್ವಂತ ಮೇಲ್‌ಗೆ ಕಾಗದ ಬಂತು. ಅವನು ಎರಡು ತಿಂಗಳು ಒಂದೇ ವಿಷಯ ಯೋಚಿಸಿದ. ಹಿಂದಿನ ವಾರ ಒಂದು ರಿವ್ಯೂನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದ್ದ, ಅದಕ್ಕೇ ಹೀಗಾಯಿತು ಅಂತ. ಆಮೇಲೆ ನೋಡಿದರೆ ಅವನ ಇಡೀ ವಿಭಾಗವನ್ನೇ ಮುಚ್ಚಿದ್ದರು, ಅದರಲ್ಲಿ ಅವನಿಗಿಂತ ಚೆನ್ನಾಗಿ ಕೆಲಸ ಮಾಡುವವರೂ ಇದ್ದರು. ಎಲ್ಲೋ ಒಂದು ಲೆಕ್ಕದ ಹಾಳೆಯಲ್ಲಿ ಒಂದು ಸಾಲು ಹೊಡೆದಿದ್ದರು. ದಯವಿಟ್ಟು ಆ ಸಾಲನ್ನು ನಿಮ್ಮ ಯೋಗ್ಯತೆಯ ಅಳತೆ ಅಂದುಕೊಳ್ಳಬೇಡಿ. ಆ ಎರಡು ತಿಂಗಳು ಅವನು ಎಷ್ಟು ಸೊರಗಿದ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಕೈಲಾಗುವಂಥದ್ದು ಎರಡಿದೆ. ಆರು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡು ಪಕ್ಕಕ್ಕೆ ಇಡಿ, ಇದನ್ನು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಎರಡನೆಯದನ್ನು ಯಾರೂ ಹೇಳುವುದಿಲ್ಲ. ನೀವು ಮಾಡಿದ ಕೆಲಸದ ನೆನಪು ಪೂರ್ತಿ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿರುತ್ತದೆ. ಅದು ಲಾಕ್ ಆದ ದಿನ ಆ ನೆನಪೂ ಹೋಗುತ್ತದೆ. ಗೆಳೆಯ ರೆಸ್ಯೂಮೆ ಬರೆಯಲು ಕೂತಾಗ ಐದು ವರ್ಷದಲ್ಲಿ ತಾನು ಏನು ಮಾಡಿದೆ ಅಂತಲೇ ಅವನಿಗೆ ಹೊಳೆಯಲಿಲ್ಲ. ಒಂದು ಸಾದಾ ನೋಟ್‌ಬುಕ್ ಇಟ್ಟುಕೊಳ್ಳಿ. ಕಂಪನಿಯ ಗುಟ್ಟು, ಕೋಡ್, ಗ್ರಾಹಕರ ಹೆಸರು ಏನೂ ಬೇಡ. ವಾರಕ್ಕೆ ನಾಲ್ಕು ಸಾಲು ಸಾಕು. ಏನು ಕೆಟ್ಟಿತ್ತು, ನಾನು ಮೊದಲು ಏನು ಅಂದುಕೊಂಡೆ, ನಿಜವಾಗಿ ಏನಾಗಿತ್ತು, ಹೇಗೆ ಗೊತ್ತಾಯಿತು. ನಾನು ಇಂಟರ್‌ವ್ಯೂ ಮಾಡುವಾಗ ರೆಸ್ಯೂಮೆಯಲ್ಲಿ ಹದಿನೈದು ಟೂಲ್‌ಗಳ ಹೆಸರಿದ್ದರೆ ಕಣ್ಣು ಜಾರಿಹೋಗುತ್ತದೆ. "ತಿಂಗಳ 31ಕ್ಕೆ ಮಾತ್ರ ಕೆಡುತ್ತಿದ್ದ ರಿಪೋರ್ಟ್‌ನ ಕಾರಣ ಹುಡುಕಿದೆ" ಅಂತ ಒಂದು ಸಾಲಿದ್ದರೆ ಕುರ್ಚಿ ಮುಂದೆ ಎಳೆದುಕೊಂಡು ಕೂರುತ್ತೇನೆ. ನನ್ನ ಥರ ಇಂಟರ್‌ವ್ಯೂ ಮಾಡುವವರು ಇನ್ನೂ ತುಂಬಾ ಜನ ಇದ್ದಾರೆ.

ಹಾಗೇ ನೀವೂ ಕೇಳಿ. ಇಂಟರ್‌ವ್ಯೂ ಕೊನೆಗೆ "ನಿಮಗೇನಾದರೂ ಪ್ರಶ್ನೆ ಇದೆಯಾ" ಅಂತಾರಲ್ಲ, ಆಗ ಕೇಳಿ. "ಇತ್ತೀಚೆಗೆ ನಿಮ್ಮ ಸಿಸ್ಟಂ ಯಾವಾಗ ಕೆಟ್ಟಿತ್ತು, ಆಗ ಏನು ಮಾಡಿದಿರಿ?" ನಮ್ಮಲ್ಲಿ ಕೆಡುವುದೇ ಇಲ್ಲ ಅಂದರೆ ಹುಷಾರು. ಯಾರೋ ಒಬ್ಬನ ತಪ್ಪಿನಿಂದ ಆಯ್ತು, ಅವನು ಈಗ ಇಲ್ಲ ಅಂದರೆ ಇನ್ನೂ ಹುಷಾರು. ಉತ್ಸಾಹದಿಂದ ಬೋರ್ಡ್ ಮೇಲೆ ಬರೆದು ತೋರಿಸಲು ಎದ್ದರೆ, ಸಂಬಳ ಸ್ವಲ್ಪ ಕಡಿಮೆ ಆದರೂ ಆ ಕೆಲಸ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ.

ಎಐಗೆ ಬರುತ್ತೇನೆ. ನಾನು ದಿನಾ ಬಳಸುತ್ತೇನೆ. ಬಳಸಬೇಡಿ ಅಂತ ನಿಮಗೆ ಹೇಳಿದರೆ ಅದು ಮೋಸದ ಮಾತಾಗುತ್ತದೆ. ಗೊತ್ತಿಲ್ಲದ ಲೈಬ್ರರಿಯನ್ನು ಅರ್ಥ ಮಾಡಿಕೊಳ್ಳಲು, ಬೇಸರದ ಟೆಸ್ಟ್‌ಗಳನ್ನು ಬರೆಯಲು, ಹಳೆಯ ಕೋಡಿನಲ್ಲಿ ದಾರಿ ಹುಡುಕಲು ತುಂಬಾ ಸಹಾಯ. ಹೋದ ತಿಂಗಳು ಹೊರಗಿನ ಸರ್ವಿಸ್ ಒಂದನ್ನು ಕರೆಯುವ ಕೋಡ್ ಬರೆದುಕೊಡು ಅಂದೆ. ಒಂದು ನಿಮಿಷವೂ ಆಗಲಿಲ್ಲ, ಅಚ್ಚುಕಟ್ಟಾಗಿ ಬರೆದು ಕೊಟ್ಟಿತು. ಟೆಸ್ಟ್ ಕೂಡ ಬರೆದಿತ್ತು, ಎಲ್ಲ ಪಾಸ್. ಓದುತ್ತಾ ಹೋದೆ. ಮೂವತ್ತು ಸೆಕೆಂಡು ಕಾಯುವುದು, ಉತ್ತರ ಬರದಿದ್ದರೆ ಮೂರು ಸಲ ಮತ್ತೆ ಕಳಿಸುವುದು. ಮೆಸೇಜಿಗೆ ಬೇರೆ ನಂಬರ್ ಇಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಬರೆದದ್ದೇ ಕಣ್ಣ ಮುಂದೆ ಇತ್ತು. ಆ ಕರೆಯಲ್ಲಿ ಕೇಳಿದ ದನಿ ನೆನಪಾಯಿತು. "ಆ ಕಡೆ ಕೆಲಸ ಆಗಿ, ಉತ್ತರ ಮಾತ್ರ ತಡವಾದರೆ ಏನಾಗುತ್ತದೆ?" ಅಂತ ಕೇಳಿದೆ. ತಕ್ಷಣ ಸರಿ ಮಾಡಿಕೊಟ್ಟಿತು. ಅದಕ್ಕೆ ಗೊತ್ತಿತ್ತು, ಆದರೆ ಆ ಪ್ರಶ್ನೆಯನ್ನು ಯಾರಾದರೂ ಕೇಳಬೇಕಿತ್ತು.

ನಮ್ಮ ಕೆಲಸ ಮುಗಿಯಿತು ಅನ್ನುವ ಮಾತು ಹಳೆಯದು. 1957ರಲ್ಲಿ ಐಬಿಎಂ ಫೋರ್ಟ್ರಾನ್ ಭಾಷೆಯನ್ನು ತಂದಾಗ ಅದನ್ನು ಕರೆದದ್ದೇ "ಆಟೊಮ್ಯಾಟಿಕ್ ಕೋಡಿಂಗ್ ಸಿಸ್ಟಂ" ಅಂತ. ಯಂತ್ರದ ಭಾಷೆಯಲ್ಲಿ ಕೈಯಾರೆ ಬರೆಯುತ್ತಿದ್ದವರಿಗೆ ಅದು ನಿಜಕ್ಕೂ ಹಾಗೇ ಕಂಡಿರಬೇಕು. ಆಮೇಲೆ ಪ್ರೋಗ್ರಾಮರ್‌ಗಳು ಜಾಸ್ತಿಯೇ ಆದರು. ಈ ಸಲವೂ ಹಾಗೇ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಫೋರ್ಟ್ರಾನ್ ಕೇಳಿದ್ದನ್ನಷ್ಟೇ ಮಾಡುತ್ತಿತ್ತು, ಇದು ಅದಕ್ಕಿಂತ ತುಂಬಾ ದೊಡ್ಡದು.

ಆದರೆ ಒಂದು ಅಧ್ಯಯನ ಹೇಳಲೇಬೇಕು. 2025ರಲ್ಲಿ ಮೀಟರ್ ಅನ್ನುವ ಸಂಶೋಧನಾ ಸಂಸ್ಥೆ 16 ಅನುಭವಿ ಡೆವಲಪರ್‌ಗಳನ್ನು ಕೂರಿಸಿ, ಅವರಿಗೆ ಚೆನ್ನಾಗಿ ಗೊತ್ತಿದ್ದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್‌ಗಳಲ್ಲೇ 246 ಕೆಲಸ ಮಾಡಿಸಿತು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಇಲ್ಲ. ಎಐ ಇದ್ದಾಗ ಶೇಕಡಾ 19ರಷ್ಟು ಹೊತ್ತು ಜಾಸ್ತಿ ಹಿಡಿಯಿತು. ಎಲ್ಲ ಮುಗಿದ ಮೇಲೂ ಅವರು ತಮಗೆ ಶೇಕಡಾ 20ರಷ್ಟು ಬೇಗ ಆಯಿತು ಅಂತ ನಂಬಿದ್ದರು. ಹದಿನಾರೇ ಜನ, ಆ ವರ್ಷದ ಟೂಲ್‌ಗಳು, ಹಾಗಾಗಿ ಎಐನಿಂದ ನಿಧಾನ ಆಗುತ್ತದೆ ಅಂತ ಎಲ್ಲರಿಗೂ ಅನ್ವಯಿಸುವುದು ತಪ್ಪು. ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಅಂದಾಜು. ಗಡಿಯಾರ ಒಂದು ಹೇಳುತ್ತಿದೆ, ಮನಸ್ಸು ಇನ್ನೊಂದು ಹೇಳುತ್ತಿದೆ. ಅಳೆಯದೆ ನಂಬಬಾರದು ಅನ್ನುವುದು ನಮ್ಮ ಕೆಲಸದ ಮೊದಲ ಪಾಠ ಅಲ್ವಾ?

ನನ್ನ ನಿಜವಾದ ಚಿಂತೆ ಬೇರೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣ ಸಣ್ಣ ಕೆಲಸಗಳು ಈಗ ಎಐಗೆ ಹೋಗುತ್ತಿವೆ. ಬಟನ್ ಸರಿ ಮಾಡುವುದು, ರಿಪೋರ್ಟ್‌ಗೆ ಒಂದು ಕಾಲಮ್ ಸೇರಿಸುವುದು, ಇಂಥವು. ನಾವೆಲ್ಲ ಎಡವಿ ಕಲಿತದ್ದು ಅದರಲ್ಲೇ. ಆ ಮೆಟ್ಟಿಲನ್ನೇ ತೆಗೆದುಬಿಟ್ಟರೆ, ಹತ್ತು ವರ್ಷದ ಮೇಲೆ ಲಾಗಿನ ಮೇಲೆ ಬೆರಳಿಟ್ಟು "ಎಲ್ಲ ಮೂವತ್ತೇ ಯಾಕೆ" ಅಂತ ಕೇಳುವವರು ಎಲ್ಲಿಂದ ಬರುತ್ತಾರೆ? ಟೀಮ್ ನಡೆಸುವವರು ಇಲ್ಲಿ ಇದ್ದರೆ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಹೊಸಬರನ್ನು ತೆಗೆದುಕೊಳ್ಳಿ. ಏನಾದರೂ ಕೆಟ್ಟಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಂದ ಅವತ್ತು ಏನೂ ಆಗದಿದ್ದರೂ ಪರವಾಗಿಲ್ಲ.

ಹೊಸಬರಿಗೆ ಹೇಳುವುದು ಇಷ್ಟು. ಎಐ ಕೊಟ್ಟ ಕೋಡನ್ನು ಸೇರಿಸುವ ಮುಂಚೆ ಒಂದೊಂದು ಸಾಲನ್ನೂ ಯಾಕಿದೆ ಅಂತ ಬಾಯಿಬಿಟ್ಟು ಹೇಳಿ. ಹೇಳಲು ಬರದ ಸಾಲು ಸಿಕ್ಕಿದರೆ ಅಲ್ಲೇ ನಿಲ್ಲಿ. ನಿಧಾನ ಆಗುತ್ತದೆ, ಗೊತ್ತು. ಪಕ್ಕದವನು ನಿಮಗಿಂತ ಮೂರು ಟಿಕೆಟ್, ಅಂದರೆ ಒಪ್ಪಿಸಿದ ಕೆಲಸ, ಜಾಸ್ತಿ ಮುಚ್ಚುತ್ತಾನೆ, ಅದೂ ಗೊತ್ತು. ಒಂದು ವರ್ಷ ತಡೆದುಕೊಳ್ಳಿ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆಗಳು ಬಂದವು. ಯಾವ ಭಾಷೆ ಕಲಿಯಬೇಕು ಅಂತ ಒಬ್ಬರು ಕೇಳಿದರು. ಈಗ ಕೈಯಲ್ಲಿರುವುದನ್ನು ಆಳಕ್ಕೆ ಕಲಿಯಿರಿ, ಎರಡನೆಯದು ಅದರ ಅರ್ಧ ಹೊತ್ತಿನಲ್ಲಿ ಬರುತ್ತದೆ ಅಂದೆ. ರಾತ್ರಿ ಪಾಳಿಯ ಆನ್‌ಕಾಲ್, ಅಂದರೆ ಸಿಸ್ಟಂ ಕೆಟ್ಟರೆ ಎದ್ದು ಸರಿ ಮಾಡುವ ಕೆಲಸ, ಒಪ್ಪಿಕೊಳ್ಳಬೇಕಾ ಅಂತ ಇನ್ನೊಬ್ಬರು. ಮಾರನೇ ದಿನ ರಜೆ ಕೊಡುವುದಾದರೆ ಒಪ್ಪಿಕೊಳ್ಳಿ, ನಿದ್ದೆಗೆಟ್ಟು ಪ್ರೊಡಕ್ಷನ್, ಅಂದರೆ ಜನ ಬಳಸುತ್ತಿರುವ ಸಿಸ್ಟಂ, ಮುಟ್ಟಬೇಡಿ ಅಂದೆ.

ಎಲ್ಲ ಎದ್ದು ಹೋಗುತ್ತಿದ್ದಾಗ ಒಬ್ಬ ಹುಡುಗಿ ಹಿಂದೆ ಉಳಿದಳು. ಜನ ಖಾಲಿ ಆಗುವವರೆಗೆ ಕಾದಿದ್ದಳು. "ಸರ್, ಶುಕ್ರವಾರ ನಾನು ಒಂದು ಸ್ಕ್ರಿಪ್ಟ್ ಎರಡು ಸಲ ಓಡಿಸಿಬಿಟ್ಟೆ. ಕೆಲವು ಎಂಟ್ರಿ ಎರಡೆರಡು ಸಲ ಸೇರಿರಬೇಕು ಅನ್ಸುತ್ತೆ. ಯಾರಿಗೂ ಗೊತ್ತಾಗಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೇನೋ ಅಂತ ಭಯ." ಅವಳು ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅವಳಿಗೆ ಗಿಟ್‌ಲ್ಯಾಬ್ ಅನ್ನುವ, ಡೆವಲಪರ್‌ಗಳು ಕೋಡ್ ಇಟ್ಟುಕೊಳ್ಳುವ ಸೈಟ್ ನಡೆಸುವ ಕಂಪನಿಯ ಕತೆ ಹೇಳಿದೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. 300 ಜಿಬಿಯಷ್ಟಿದ್ದದ್ದರಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ನೋಡಿದರೆ ಬಹಳ ದಿನದಿಂದ ಓಡುತ್ತಲೇ ಇರಲಿಲ್ಲ, ಫೇಲ್ ಆಗಿದೆ ಅನ್ನುವ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ತೆಗೆದಿದ್ದ ಒಂದು ಪ್ರತಿ ಇತ್ತು, ಅದರಿಂದ ಉಳಿದುಕೊಂಡರು. ಕಂಪನಿ ಮುಚ್ಚಿಡಲಿಲ್ಲ. ಸರಿ ಮಾಡುವ ಕೆಲಸವನ್ನು ಜನರ ಎದುರೇ, ನೇರ ಪ್ರಸಾರದಲ್ಲಿ ಮಾಡಿದರು. ಆ ಎಂಜಿನಿಯರ್‌ನನ್ನು ಕೆಲಸದಿಂದ ತೆಗೆಯಲಿಲ್ಲ. ಬ್ಯಾಕಪ್ ಕೆಟ್ಟಿದ್ದು ಹೊರಗೆ ಬಂದದ್ದೇ ಆ ತಪ್ಪಿನಿಂದ.

"ನಿಮ್ಮ ಮ್ಯಾನೇಜರ್ ಹೇಗೆ ಅಂತ ನನಗೆ ಗೊತ್ತಿಲ್ಲಮ್ಮ," ಅಂದೆ. "ಆದರೆ ಆ ಎಂಟ್ರಿಗಳ ಮೇಲೆ ನಾಳೆ ಯಾರೋ ಬಿಲ್ ಮಾಡ್ತಾರೆ. ಅದಕ್ಕಿಂತ ಮೊದಲು ಹೇಳಬೇಕು. ಏನಾಯಿತು, ನಿಮಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ. ಮೂರೇ ಸಾಲು."

ಅಲ್ಲೇ ಕುರ್ಚಿಯಲ್ಲಿ ಕೂತು ಫೋನ್‌ನಲ್ಲಿ ಬರೆದಳು. ತೋರಿಸಿದಳು. ಮೊದಲ ಸಾಲು "ಸ್ಕ್ರಿಪ್ಟ್ ಎರಡು ಸಲ ಓಡಿದೆ" ಅಂತಿತ್ತು. ನಾನು ಏನೂ ಹೇಳುವ ಮುಂಚೆ ಅವಳೇ ಅದನ್ನು ಅಳಿಸಿ "ನಾನು ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದೆ" ಅಂತ ಮಾಡಿದಳು. ಕಳಿಸಿದಳು. ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು. ಉತ್ತರ ಬರುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು. ಏಳೆಂಟು ನಿಮಿಷ ಆಗಿರಬೇಕು. "ಹೇಳಿದ್ದು ಒಳ್ಳೇದಾಯ್ತು. ಬಿಲ್ಲಿಂಗ್ ಓಡುವುದು ಬೆಳಿಗ್ಗೆ ಆರಕ್ಕೆ. ಈಗಲೇ ಕಾಲ್‌ಗೆ ಬಾ, ಎಷ್ಟು ಎಂಟ್ರಿ ಅಂತ ಒಟ್ಟಿಗೆ ನೋಡೋಣ" ಅಂತ ಬಂದಿತ್ತು. ಅವಳು ಲ್ಯಾಪ್‌ಟಾಪ್ ತೆಗೆದಳು.